ಹೊಸ ಸೊಸೆಯ ಪಾಲು

"ಬೇರೆಯವರು ಹೆಗಲು ಕೊಟ್ಟಿದ್ದರಿಂದ ಸಿಕ್ಕಿದ್ದನ್ನು ನನ್ನದು ಅಂತ ಇಟ್ಟುಕೊಳ್ಳಬಹುದಾ, ಮೇಡಂ?" ಎಂದು ಶಾಂಭವಿ ಕೇಳಿದಳು.

ಪುಟ್ಟತಾಯಮ್ಮನವರು ಅವರೆಕಾಯಿ ಬಿಡಿಸುತ್ತಿದ್ದರು. ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ತಿಂಗಳಿಗೊಂದು ಭಾನುವಾರ ಅವರ ಮನೆಯ ಜಗಲಿಯಲ್ಲಿ ಹೊಸದಾಗಿ ಸಂಶೋಧನೆಗೆ ಇಳಿದ ಹೆಣ್ಣುಮಕ್ಕಳು ಸೇರುತ್ತಿದ್ದರು. ಯಾರ ಪ್ರಯೋಗ ಕೆಟ್ಟಿತು, ಯಾರ ಲೇಖನ ವಾಪಸ್ಸು ಬಂತು, ಯಾರ ಮಾರ್ಗದರ್ಶಕರು ಸಿಡುಕಿದರು, ಎಲ್ಲವೂ ಅಲ್ಲಿ ಮಾತಿಗೆ ಬರುತ್ತಿತ್ತು. ಬಂದವರ ಕೈಗೆ ಏನಾದರೊಂದು ಕೆಲಸ ಕೊಟ್ಟು ಕೂರಿಸುವುದು ಪುಟ್ಟತಾಯಮ್ಮನವರ ಪದ್ಧತಿ. ಅಂದು ಅವರೆಕಾಯಿಯ ಸರದಿ. ಉಳಿದವರೆಲ್ಲ ಎದ್ದು ಹೋದ ಮೇಲೂ ಶಾಂಭವಿ ಕೂತೇ ಇದ್ದಳು. ಅವಳ ಮುಂದಿನ ಕಾಯಿ ಹಾಗೇ ಇತ್ತು.

"ಅರ್ಧ ಪ್ರಶ್ನೆಗೆ ನಾನು ಉತ್ತರ ಕೊಡುವವಳಲ್ಲ. ಪೂರ್ತಿ ಹೇಳು," ಎಂದರು ಪುಟ್ಟತಾಯಮ್ಮ.

ಶಾಂಭವಿ ಹೇಳಿದಳು. ಪಿಎಚ್‌ಡಿ ಮುಗಿಸಿ ವಿಭಾಗಕ್ಕೆ ಸೇರಿದ ಮೊದಲ ವರ್ಷ ಅವಳಿಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಮನೆಯಲ್ಲಿ ಕೈಗೂಸು, ಕಾಲೇಜಿನಲ್ಲಿ ಪಾಠ, ನಡುವೆ ತನ್ನ ಸಂಶೋಧನೆ. ಹೇಗೋ ನಿಭಾಯಿಸಿದಳು. ಅವಳ ಕೆಲಸ ನಾಲ್ಕು ಜನರ ಕಣ್ಣಿಗೆ ಬಿತ್ತು. ಈಗ ವಿಭಾಗಕ್ಕೆ ಒಂದು ದೊಡ್ಡ ಸಂಶೋಧನಾ ಯೋಜನೆ ಬಂದಿದೆ. ಅದನ್ನು ನಡೆಸಲು ಇವಳನ್ನೇ ಆರಿಸಿದ್ದಾರೆ. ನಾಳೆ ಒಪ್ಪಿಗೆ ತಿಳಿಸಬೇಕು.

"ಒಳ್ಳೆಯದೇ ಆಯಿತಲ್ಲ. ಅದಕ್ಕೆ ಮುಖ ಯಾಕೆ ಹೀಗೆ ಊದಿಸಿಕೊಂಡಿದ್ದೀಯ?"

"ಮೊನ್ನೆ ಕಚೇರಿಯ ಗುಮಾಸ್ತರು ವೇಳಾಪಟ್ಟಿ ಹಾಕ್ತಿದ್ದರು ಮೇಡಂ. ನನ್ನನ್ನು ನೋಡಿ, 'ಮೊದಲನೇ ವರ್ಷ ನಿಮ್ಮ ಮಧ್ಯಾಹ್ನದ ಪ್ರಾಕ್ಟಿಕಲ್‌ಗಳನ್ನೆಲ್ಲ ಲೀಲಾಕುಮಾರಿ ಮೇಡಂ, ಜುಬೇದಾ ಮೇಡಂ ತಮ್ಮ ಹೆಸರಿಗೆ ಹಾಕಿಸಿಕೊಂಡಿದ್ದರಲ್ಲ, ಯೋಜನೆ ನಿಮಗೆ ಬಂದರೆ ಮುಂದಿನ ವರ್ಷ ಹೇಗೆ ಹಾಕಲಿ' ಅಂತ ಕೇಳಿದರು. ನನಗೆ ಆ ವಿಷಯವೇ ಗೊತ್ತಿರಲಿಲ್ಲ. ಮಧ್ಯಾಹ್ನ ನನಗೆ ಬಿಡುವು ಸಿಕ್ಕಿದ್ದು ನನ್ನ ಅದೃಷ್ಟ ಅಂದುಕೊಂಡಿದ್ದೆ. ಆಮೇಲೆ ಕೆದಕಿ ನೋಡಿದರೆ ಪರೀಕ್ಷೆಯ ಕೊಠಡಿ ಕೆಲಸ, ಸಾಮಾನು ತರಿಸುವ ಓಡಾಟ, ಎಲ್ಲದರಲ್ಲೂ ನನ್ನ ಪಾಲನ್ನು ವಿಭಾಗದ ಆ ಹಿರಿಯರಿಬ್ಬರೇ ಮಾಡಿದ್ದರು."

ಇಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. ಇನ್ನೂ ಏನೋ ಉಳಿದಿದೆ ಎಂದು ಪುಟ್ಟತಾಯಮ್ಮನವರಿಗೆ ಗೊತ್ತಾಯಿತು. ಅವರು ಇನ್ನೊಂದು ಕಾಯಿ ಕೈಗೆತ್ತಿಕೊಂಡರು.

"ಹೋದ ವರ್ಷ ಇದೇ ಜಗಲಿಯಲ್ಲಿ ಒಬ್ಬಳು ಹೊಸ ಹುಡುಗಿ ಸಮಯವೇ ಸಿಗಲ್ಲ ಅಂತ ಅತ್ತಳಲ್ಲ ಮೇಡಂ, ಅವಳಿಗೆ ನಾನು ಏನು ಹೇಳಿದ್ದೆ ನೆನಪಿದೆಯಾ? ಮನಸ್ಸು ಮಾಡಿದರೆ ಸಮಯ ತಾನಾಗಿ ಸಿಗುತ್ತೆ, ನನಗೆ ಸಿಗಲಿಲ್ವಾ ಅಂದಿದ್ದೆ. ನೆನೆಸಿಕೊಂಡರೆ ಮೈಯೆಲ್ಲ ಬಿಸಿಯಾಗುತ್ತೆ. ನನ್ನ ಕೈಲಿ ಏನೂ ಆಗಿರಲಿಲ್ಲ. ಅವರು ಎತ್ತಿ ದಾಟಿಸಿದರು, ನಾನು ಈಜಿದೆ ಅಂದುಕೊಂಡೆ. ನಾಳೆ ಯೋಜನೆ ಬೇಡ ಅಂತ ಹೇಳಿಬಿಡ್ತೀನಿ. ಅದು ಅವರಿಬ್ಬರಿಗೆ ಸೇರಬೇಕಾದ್ದು."

"ಅಳುವುದಾದರೆ ಈಗಲೇ ಅತ್ತುಬಿಡು. ಆಮೇಲೆ ಕಾಯಿ ಬಿಡಿಸು," ಎಂದು ಪುಟ್ಟತಾಯಮ್ಮ ಮೊರವನ್ನು ಅವಳ ಕಡೆಗೆ ಸರಿಸಿದರು. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದರೆ ನಿಲ್ಲಿಸಿಬಿಡುತ್ತೇನೆ."

ಅವರು ಹೇಳಿದ ಕತೆ ಇದು.

ನಾಲೆ ನೀರಿನ ಒಂದು ಊರು. ಆ ಊರಿಗೆ ಒಣಸೀಮೆಯಿಂದ ಒಬ್ಬಳು ಸೊಸೆಯಾಗಿ ಬಂದಳು. ಅವಳ ತವರಿನಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದರು. ಕೆಸರು ಗದ್ದೆಯಲ್ಲಿ ಕಾಲಿಟ್ಟವಳಲ್ಲ. ಆದರೆ ಈ ಊರಿನಲ್ಲಿ ಹೆಂಗಸು ಅಂದರೆ ನಾಟಿ ಹಾಕುವವಳು. ನಾಟಿಯ ಗುಂಪಿಗೆ ಸೇರದವಳನ್ನು ಯಾರೂ ದೂರ ಇಡುತ್ತಿರಲಿಲ್ಲ. ಕರೆದು ಕುಂಕುಮ ಕೊಡುತ್ತಿದ್ದರು, ಊಟಕ್ಕೆ ಎಲೆ ಹಾಕುತ್ತಿದ್ದರು. ಆದರೆ ನೀರಿಗೆ ಹೋದಾಗ ಅವಳು ಹತ್ತಿರ ಬಂದರೆ ನಡೆಯುತ್ತಿದ್ದ ಮಾತು ನಿಂತುಹೋಗುತ್ತಿತ್ತು. ಗದ್ದೆಯ ಮಾತು ಗದ್ದೆಯಲ್ಲಿ ಇರದವಳಿಗೆ ಹೇಗೆ ತಿಳಿಯಬೇಕು?

ಸೊಸೆಗೆ ಆ ಗುಂಪು ಬೇಕಾಗಿತ್ತು. ಅತ್ತೆ ಕೆಟ್ಟವಳಲ್ಲ, ಗಂಡನೂ ಒಳ್ಳೆಯವನೇ. ಆದರೂ ಹೊಸ ಊರಿನಲ್ಲಿ ಇಡೀ ದಿನ ಒಬ್ಬಳೇ ಗೋಡೆ ನೋಡುತ್ತ ಕೂತರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ತನ್ನನ್ನೂ ಯಾರಾದರೂ ಬೆಳಗ್ಗೆ ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗಬೇಕು ಎಂಬುದೊಂದೇ ಅವಳ ಆಸೆ. ಅತ್ತೆ ಹೋಗಿ ಗುಂಪಿನವರನ್ನು ಕೇಳಿದಳು. ಬರಲಿ ಎಂದರು. ಆ ಗುಂಪಿನ ಪದ್ಧತಿ ಹೀಗೆ. ಹೊಸಬಳನ್ನು ಮೊದಲ ಕೆಲವು ಗದ್ದೆಗಳಲ್ಲಿ ನೋಡುತ್ತಾರೆ. ಕೈ ಹೊಂದಿದರೆ ಹಂಗಾಮು ಮುಗಿಯುವವರೆಗೆ ಕರೆಯುತ್ತಾರೆ. ಹೊಂದದಿದ್ದರೆ ಯಾರೂ ಬೇಡ ಅನ್ನುವುದಿಲ್ಲ. ಮಾರನೆಯ ದಿನ ಬಾಗಿಲಿಗೆ ಬರುವುದಿಲ್ಲ, ಅಷ್ಟೆ.

"ನಮ್ಮಲ್ಲೂ ಹಾಗೇ ಮೇಡಂ," ಎಂದಳು ಶಾಂಭವಿ.

"ಬಾಯಿ ಹಾಕಬೇಡ ಅಂದಿದ್ದೆ," ಎಂದರು ಪುಟ್ಟತಾಯಮ್ಮ. ಆದರೆ ಕತೆ ನಿಲ್ಲಿಸಲಿಲ್ಲ.

ನೀನು ನಾಟಿ ಹಾಕಿದವಳಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಹೆಂಗಸರು ಗದ್ದೆಯಲ್ಲಿ ಒಬ್ಬರ ಪಕ್ಕ ಒಬ್ಬರು ನಿಲ್ಲುತ್ತಾರೆ. ಬಗ್ಗಿ ಪೈರು ನೆಡುತ್ತ ಎಲ್ಲರೂ ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಒಬ್ಬೊಬ್ಬಳಿಗೂ ತನ್ನ ಎರಡು ಕಡೆ ಕೈ ಎಟಕುವಷ್ಟು ಅಗಲ. ಅದು ಅವಳ ಪಾಲು. ಎಡಗೈಯಲ್ಲಿ ಪೈರಿನ ಕಟ್ಟು, ಬಲಗೈ ಅದರಿಂದ ಎರಡೆರಡು ಎಸಳು ಬಿಡಿಸಿ ಕೆಸರಿಗೆ ಒತ್ತುತ್ತದೆ. ಎಲ್ಲರ ಕೈಯೂ ಒಂದೇ ವೇಗದಲ್ಲಿ ಓಡಿದರೆ ಸಾಲು ನೆಟ್ಟಗಿರುತ್ತದೆ.

ಒಬ್ಬಳ ಕೈ ನಿಧಾನವಾದರೆ? ಅವಳು ನಿಂತಲ್ಲೇ ನಿಂತಿರುತ್ತಾಳೆ, ಪಕ್ಕದವರು ಹಿಂದಕ್ಕೆ ಹೋಗಿಬಿಡುತ್ತಾರೆ. ಅವರು ಅವಳ ಬೆನ್ನ ಹಿಂದೆ ಪೈರು ನೆಟ್ಟು ಕೂಡಿಸಿಕೊಳ್ಳುತ್ತಾರೆ. ಮುಂದೆ ಪೈರು, ಹಿಂದೆ ಪೈರು, ಎರಡು ಪಕ್ಕ ಪೈರು. ನಡುವೆ ಬರಿ ಕೆಸರಿನಲ್ಲಿ ಅವಳೊಬ್ಬಳು. ಕಾಲು ಕಿತ್ತಿಟ್ಟರೆ ನೆಟ್ಟದ್ದನ್ನು ತುಳಿಯಬೇಕಾಗುತ್ತದೆ. ಇದಕ್ಕೆ ಆ ಊರಿನಲ್ಲಿ ಕೋಟೆ ಹಾಕುವುದು ಅನ್ನುತ್ತಿದ್ದರು. ಕೋಟೆಯೊಳಗೆ ಸಿಕ್ಕಿಬಿದ್ದವಳು ಯಾರದಾದರೂ ಹೆಸರು ಹಿಡಿದು ಕರೆಯಬೇಕು. ಕರೆಸಿಕೊಂಡವಳು ಬಂದು ಬಿಡಿಸಬೇಕು. ಕರೆಯದಿದ್ದರೆ ಯಾರೂ ಹೋಗುವಂತಿಲ್ಲ. ಗದ್ದೆಯೆಲ್ಲ ನಗುತ್ತದೆ. ಹಳಬರು ಸಿಕ್ಕಿದರೆ ಅದು ಆಟ. ಹೊಸಬಳು ಸಿಕ್ಕಿದರೆ ಅವಳಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸುತ್ತದೆ.

ಮೊದಲ ದಿನ ಸೊಸೆಯನ್ನು ನಡುವೆ ನಿಲ್ಲಿಸಿದರು. ಅವಳ ಎಡಕ್ಕೆ ಒಬ್ಬಳು ಬಾಯಾಳಿ. ಬಾಯಿಗೆ ಬಿಡುವೇ ಇಲ್ಲ. ಬಲಕ್ಕೆ ಒಬ್ಬಳು ಮಾತೇ ಆಡದವಳು. ಸೊಸೆ ಕೋಟೆಯ ಭಯಕ್ಕೆ ತಲೆ ಎತ್ತದೆ ನೆಟ್ಟಳು. ತೆಳ್ಳಗೆ ಎರಡು ಎಸಳು ನೆಟ್ಟರೆ ಅದು ನಿಲ್ಲುತ್ತದೆ ಎಂದು ಅವಳಿಗೆ ನಂಬಿಕೆ ಬರಲಿಲ್ಲ. ಬಿದ್ದುಹೋದರೆ ಬೈಸಿಕೊಳ್ಳಬೇಕಲ್ಲ ಎಂದು ಹಿಡಿ ಹಿಡಿಯಾಗಿ ನೆಟ್ಟಳು. ಹೊಸಬರೆಲ್ಲ ಮಾಡುವ ತಪ್ಪು ಅದು. ಎಷ್ಟು ಹೆಚ್ಚು ತುರುಕಿದರೆ ಅಷ್ಟು ಗಟ್ಟಿ ಅಂದುಕೊಳ್ಳುತ್ತಾರೆ. ನೀನು ಬರೆದ ಮೊದಲ ಲೇಖನದಲ್ಲಿ ಊರಿನ ಉಲ್ಲೇಖವನ್ನೆಲ್ಲ ತುರುಕಿರಲಿಲ್ಲವೇ, ಹಾಗೆ.

ಸಂಜೆ ಗದ್ದೆಯ ಕೊನೆ ಮುಟ್ಟಿದಾಗ ಅವಳು ಎಲ್ಲರ ಜೊತೆಗೇ ಬದು ಹತ್ತಿದಳು. ಅವಳಿಗೆ ಕೋಟೆ ಬಿದ್ದಿರಲಿಲ್ಲ. ಮನೆಗೆ ಬಂದವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿಸಿನೀರು ಕಾಯಿಸಿಟ್ಟಿದ್ದ ಅತ್ತೆಗೆ, "ಅತ್ತೆ, ನಾಟಿ ನಾಟಿ ಅಂತ ಹೆದರಿಸಿದಿರಲ್ಲ, ಇಷ್ಟೇನಾ ಅದು?" ಎಂದಳು. ಅತ್ತೆ ಮುಸಿನಕ್ಕು ಅವಳ ಕಾಲಿಗೆ ಬಿಸಿನೀರು ಹಾಕಿದಳು. ಆ ಹೆಂಗಸೂ ಒಂದು ಕಾಲಕ್ಕೆ ಹೊಸಬಳಾಗಿದ್ದವಳೇ ತಾನೆ.

ಇಲ್ಲಿ ಪುಟ್ಟತಾಯಮ್ಮ ಶಾಂಭವಿಯ ಮುಖ ನೋಡಿದರು. "ಈಗ ನಾಚಿಕೆಪಡಬೇಡ. ಕತೆ ನಿನ್ನದಲ್ಲ, ಅವಳದು," ಎಂದರು.

ಮಾರನೆಯ ದಿನ ಬೆಳಗ್ಗೆ ಬಾಗಿಲಲ್ಲಿ ಕೂಗು ಕೇಳಿತು. ಸೊಸೆ ಹೊರಟಳು. ಬೇರೆ ಗದ್ದೆಗೆ ಹೋಗುವ ದಾರಿ ನಿನ್ನೆಯ ಗದ್ದೆಯ ಬದುವಿನ ಮೇಲೇ ಇತ್ತು. ತಾನು ನೆಟ್ಟದ್ದನ್ನು ನೋಡುವ ಆಸೆಯಿಂದ ಅವಳು ನಿಂತಳು. ಹಿಡಿ ಹಿಡಿಯಾಗಿ ನೆಟ್ಟಿದ್ದಳಲ್ಲ, ಅವಳ ಪಾಲು ದಟ್ಟಗೆ ಹಸಿರಾಗಿ ಬೇರೆಯೇ ಕಾಣುತ್ತಿತ್ತು. ಗದ್ದೆಯ ಆ ತುದಿಯಲ್ಲಿ ಅದು ಎಲ್ಲರ ಪಾಲಿನಷ್ಟೇ ಅಗಲವಾಗಿತ್ತು. ಬರುತ್ತ ಬರುತ್ತ ಕಿರಿದಾಗಿತ್ತು. ಈ ತುದಿಗೆ ಬರುವಷ್ಟರಲ್ಲಿ ಜಡೆಯ ಕೊನೆಯ ಹಾಗೆ ಸಣ್ಣಗಾಗಿಬಿಟ್ಟಿತ್ತು. ಎಡದವಳ ಪಾಲು, ಬಲದವಳ ಪಾಲು ಆ ಜಾಗವನ್ನೆಲ್ಲ ತುಂಬಿಕೊಂಡು ಹರಡಿದ್ದವು.

ಅವಳಿಗೆ ಅರ್ಥವಾಯಿತು. ತಾನು ಹಿಂದೆ ಬಿದ್ದಾಗೆಲ್ಲ ಆ ಇಬ್ಬರೂ ಕೈ ಚಾಚಿ ತನ್ನ ಪಾಲಿನಲ್ಲೂ ನೆಡುತ್ತ ಬಂದಿದ್ದರು. ತಾನು ಎಲ್ಲರ ಸಮಕ್ಕೆ ಬಂದದ್ದು ತನ್ನ ಕೈಯಿಂದ ಅಲ್ಲ. ರಾತ್ರಿ ಅತ್ತೆಗೆ ಹೇಳಿದ ಮಾತು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ನಾಚಿಕೆಯಾದರೆ ಮನುಷ್ಯರಿಗೆ ಸಿಟ್ಟು ಬರುತ್ತದೆ, ಅದು ನಿನಗೂ ಗೊತ್ತು. ಅವಳಿಗೂ ಬಂತು. ಗದ್ದೆಗಿಳಿದವಳೇ ಪಕ್ಕದ ಇಬ್ಬರಿಗೂ ಹೇಳಿದಳು.

"ಇವತ್ತು ನನ್ನ ಪಾಲು ನನಗೇ ಬಿಡಿ. ಒಂದು ಎಸಳನ್ನೂ ಮುಟ್ಟಬೇಡಿ."

ಬಾಯಾಳಿ ಏನೋ ಹೇಳಲು ಹೋದಳು. ಮಾತಾಡದವಳು ಬೇಡವೆಂದು ತಲೆಯಾಡಿಸಿದಳು. ಅವರು ಮುಟ್ಟಲಿಲ್ಲ.

ಸೊಸೆ ಹಲ್ಲು ಕಚ್ಚಿ ನೆಟ್ಟಳು. ಹಿಡಿ ಹಿಡಿಯಾಗಿ ನೆಡುವವಳಿಗೆ ಕಟ್ಟು ಬೇಗ ಮುಗಿಯುತ್ತದೆ. ಇನ್ನೊಂದು ಕಟ್ಟು ಎತ್ತಿಕೊಳ್ಳಬೇಕು, ಬಿಚ್ಚಬೇಕು. ಅಷ್ಟು ಹೊತ್ತಿಗೆ ಪಕ್ಕದವರು ಹಿಂದೆ ಹೋಗಿರುತ್ತಾರೆ. ಊಟದ ಹೊತ್ತಿಗೆ ಅವಳ ಬೆನ್ನ ಹಿಂದೆ ಪೈರು ಕೂಡಿಕೊಂಡಿತ್ತು. ಕೋಟೆ ಬಿತ್ತು. ಗದ್ದೆಯೆಲ್ಲ ನಕ್ಕಿತು. ಬಾಯಾಳಿಯೂ ನಕ್ಕಳು. ನಗದೆ ಇರುವುದಕ್ಕೆ ಅವಳಿಂದ ಆಗುತ್ತಿರಲಿಲ್ಲ, ಅವಳ ಸ್ವಭಾವ ಹಾಗೆ. ಉಳಿದವರು ಕೊನೆ ಮುಟ್ಟಿ ಬದು ಹತ್ತಿದರು, ಕೈಕಾಲು ತೊಳೆದು ಬುತ್ತಿ ಬಿಚ್ಚಿದರು. ಸೊಸೆ ಕೋಟೆಯೊಳಗೇ ಬಗ್ಗಿಕೊಂಡು ನೆಡುತ್ತಿದ್ದಳು. ಕಣ್ಣೀರಿಗೆ ಪೈರು ಕಾಣದೆ ಮತ್ತೂ ನಿಧಾನವಾಗುತ್ತಿತ್ತು.

ಬದುವಿನ ಮೇಲಿದ್ದವರು ಕಾಯುತ್ತಿದ್ದರು. ಅವಳು ಒಂದು ಹೆಸರು ಕರೆದರೆ ಸಾಕು. ಅವಳು ಕರೆಯಲಿಲ್ಲ. ಮಾತಾಡದವಳು ಬಿಚ್ಚಿದ ಬುತ್ತಿಯನ್ನು ಹಾಗೇ ಕಟ್ಟಿಟ್ಟು ಬದುವಿನ ತುದಿಯಲ್ಲಿ ನಿಂತಳು.

"ಕರೆಯಬಾರದಿತ್ತಾ ಅವಳು?" ಎಂದಳು ಶಾಂಭವಿ. ತಡೆಯಲು ಅವಳಿಂದ ಆಗಲಿಲ್ಲ. "ಎಲ್ಲರೂ ಕಾಯ್ತಿದ್ದಾರಲ್ಲ."

"ನೀನು ಕರೆದೆಯಾ?" ಎಂದರು ಪುಟ್ಟತಾಯಮ್ಮ. "ಗುಮಾಸ್ತ ಹೇಳಿದ ಮೇಲೆ ಆ ಇಬ್ಬರ ಹತ್ತಿರ ಹೋಗಿ ಒಂದು ಮಾತು ಕೇಳಿದೆಯಾ? ಇಲ್ಲ. ಇವರ ಮುಖ ಹೇಗೆ ನೋಡಲಿ ಎಂದು ಕಾರಿಡಾರಿನಲ್ಲಿ ಅವರು ಎದುರಾದರೆ ಬೇರೆ ದಾರಿ ಹಿಡಿದಿರುತ್ತೀಯ."

ಶಾಂಭವಿ ಹೌದೆಂದು ತಲೆಯಾಡಿಸಿದಳು. ಅವಳು ಹಿಡಿದದ್ದು ಹಿಂಬದಿಯ ಮೆಟ್ಟಿಲ ದಾರಿ.

ಕೊನೆಗೆ ಸೊಸೆಯ ಸೊಂಟ ಸೋತಿತು. ಹಟ ಸೋಲಲಿಲ್ಲ, ಸೊಂಟ ಸೋತಿತು. ನೆಟ್ಟಗೆ ನಿಂತು ಸುತ್ತ ನೋಡಿದಳು. ಹೆಸರು ಹಿಡಿದು ಕರೆಯೋಣ ಅಂದರೆ ಆ ಇಬ್ಬರ ಹೆಸರೇ ಅವಳಿಗೆ ಗೊತ್ತಿರಲಿಲ್ಲ. ತನ್ನ ಕೈ, ತನ್ನ ಕಟ್ಟು, ತನ್ನ ಪಾಲು ಎಂದು ತಲೆ ತಗ್ಗಿಸಿಕೊಂಡವಳು ಪಕ್ಕದವರ ಹೆಸರನ್ನೂ ಕೇಳಿಕೊಂಡಿರಲಿಲ್ಲ. ಅದಕ್ಕೆ ಅವಳು ಬರಿದೆ, "ಅಕ್ಕಾ," ಎಂದಳು.

ಇಬ್ಬರೂ ಇಳಿದು ಬಂದರು. ನೆಟ್ಟದ್ದು ತುಳಿಯದ ಹಾಗೆ ಎಸಳುಗಳ ಸಂದಿಯಲ್ಲಿ ಕಾಲಿಡುತ್ತ ಬಂದರು. ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ. ಮೂವರೂ ಬಗ್ಗಿದರು. ಮೂರು ಕೈ ಸೇರಿದಾಗ ಆ ಕೆಸರು ತುಂಬಲು ಹೊತ್ತಾಗಲಿಲ್ಲ. ನೆಡುತ್ತ ನೆಡುತ್ತ ಮಾತಾಡದವಳು ಸೊಸೆಯ ಕೈಯಿಂದ ಹಿಡಿ ಪೈರು ತೆಗೆದುಕೊಂಡು, ಅದರಿಂದ ಎರಡೇ ಎಸಳು ಬಿಡಿಸಿ, ಅವಳ ಬೆರಳಿಗೆ ಕೊಟ್ಟಳು. "ಇಷ್ಟೇ ಸಾಕು. ನಿಲ್ಲುತ್ತೆ, ಹೆದರಬೇಡ," ಎಂದಳು. ಎರಡು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು.

"ನಿನ್ನೆ ನನ್ನ ಪಾಲಿಗೆ ಯಾಕೆ ಕೈ ಹಾಕಿದಿರಿ?" ಎಂದು ಸೊಸೆ ಕೇಳಿದಳು.

"ನಿನ್ನ ಕೈ ಬರೋತನಕ ಅಂತ," ಎಂದಳು ಬಾಯಾಳಿ.

"ಮತ್ತೆ ಹೇಳಲಿಲ್ಲವಲ್ಲ."

"ಹೇಳಿದ್ದರೆ ನೀನು ಅಳತೆ ನೋಡುತ್ತ ನಿಂತಿರುತ್ತಿದ್ದೆ. ನೆಡುತ್ತಿರಲಿಲ್ಲ. ಈಗ ನಡಿ ತಾಯಿ, ನಿನ್ನಿಂದ ನನ್ನ ಮುದ್ದೆ ತಣ್ಣಗಾಯಿತು."

ಸೊಸೆ ಅಳುತ್ತ ಅಳುತ್ತಲೇ ನಕ್ಕಳು. ಬದು ಹತ್ತಿ ಅವರ ನಡುವೆ ಕೂತು ಉಂಡಳು. ಇಬ್ಬರ ಹೆಸರನ್ನೂ ಕೇಳಿಕೊಂಡಳು. ಮಾರನೆಯ ಬೆಳಗ್ಗೆ ಬಾಗಿಲಲ್ಲಿ ಕೂಗು ಬರುತ್ತದೋ ಇಲ್ಲವೋ ಎಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕೋಟೆ ಬಿದ್ದ ಹೊಸಬಳನ್ನು ಯಾರು ಕರೆಯುತ್ತಾರೆ? ಆದರೆ ಕೂಗು ಬಂತು. ಎರಡು ದನಿಯಲ್ಲಿ ಬಂತು.

ಆಮೇಲೆ ಅವಳು ಅಳತೆ ನೋಡಲು ಹೋಗಲಿಲ್ಲ. ಪಕ್ಕದವರು ಕೈ ಚಾಚಿದರೆ ಚಾಚಲಿ ಎಂದು ತನ್ನ ಪಾಡಿಗೆ ಎರಡೆರಡು ಎಸಳು ನೆಟ್ಟಳು. ಬಾಯಾಳಿ ಏನಾದರೂ ಅಂದರೆ ತಾನೂ ಒಂದು ತಿರುಗಿಸಿ ಅಂದಳು. ಗದ್ದೆಯ ಮೇಲೆ ಗದ್ದೆ ಮುಗಿಯಿತು. ಒಂದು ಸಂಜೆ ದೊಡ್ಡ ಗದ್ದೆಯೊಂದನ್ನು ಮುಗಿಸಿ ಬದು ಹತ್ತಿದಾಗ ಅವಳಿಗೆ ಮೊದಲ ದಿನದ್ದು ನೆನಪಾಯಿತು. ತನ್ನ ಪಾಲು ಎಷ್ಟಿದೆ ನೋಡೋಣ ಎಂದು ತಿರುಗಿದಳು.

ನೋಡಿದಳು, ಮತ್ತೆ ನೋಡಿದಳು. ಸಿಗಲಿಲ್ಲ. ಗದ್ದೆಯ ಆ ತುದಿಯಿಂದ ಈ ತುದಿಯವರೆಗೆ ಒಂದೇ ಹಸಿರು. ಯಾವುದು ತನ್ನದು, ಯಾವುದು ಪಕ್ಕದವರದು, ಎಲ್ಲಿ ತನ್ನದು ಮುಗಿದು ಅವರದು ಶುರುವಾಗುತ್ತದೆ, ಒಂದೂ ತಿಳಿಯಲಿಲ್ಲ. ಪೂರ್ತಿ ಅವರೇ ನೆಟ್ಟುಬಿಟ್ಟರೇನೋ, ತಾನು ಇಡೀ ದಿನ ಸುಮ್ಮನೆ ಬಗ್ಗಿಕೊಂಡಿದ್ದೆನೇನೋ ಅನ್ನಿಸಿತು.

"ಇವತ್ತು ನನ್ನ ಪಾಲಲ್ಲಿ ಎಷ್ಟು ನೆಟ್ಟಿರಿ, ನಿಜ ಹೇಳಿ," ಎಂದು ಬಲದವಳನ್ನು ಕೇಳಿದಳು.

ಬಲದವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಅವಳನ್ನು ನೋಡಿದಳು. ಅವಳಿಗೆ ನಗು ಬಂತು. ನಗುವುದು ಅವಳಿಗೆ ಅಭ್ಯಾಸವಿರಲಿಲ್ಲ, ಅದಕ್ಕೆ ಎಲ್ಲರೂ ತಿರುಗಿ ನೋಡಿದರು.

"ನಾವು ನಿನ್ನ ಪಾಲಿಗೆ ಕೈ ಹಾಕೋದು ಬಿಟ್ಟು ಯಾವ ಕಾಲವಾಯಿತು. ನಿನ್ನ ಕೈ ಬಂದ ಹಾಗೆ ಒಂದೊಂದು ಸಾಲು ನಿನ್ನ ಕಡೆಗೆ ಬಿಡುತ್ತ ಬಂದೆವು. ಇವತ್ತು ಬೆಳಗ್ಗೆಯಿಂದ ನೀನೇ ನನ್ನ ಪಾಲಿಗೆ ಕೈ ಹಾಕಿ ನೆಡುತ್ತಿದ್ದೀಯ. ನಿನಗೆ ಗೊತ್ತಾಗಲಿಲ್ಲವಾ? ನನ್ನ ಸೊಂಟಕ್ಕೆ ಗೊತ್ತಾಯಿತು."

ಸೊಸೆ ಬದುವಿನ ಮೇಲೆ ಕೂತುಬಿಟ್ಟಳು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು. ಆ ರಾತ್ರಿ ಮನೆಗೆ ಹೋಗಿ ಅತ್ತೆಯ ಹತ್ತಿರ ಏನೂ ಕೊಚ್ಚಿಕೊಳ್ಳಲಿಲ್ಲ. ಹೊಟ್ಟೆ ತುಂಬ ಉಂಡು ಮಲಗಿದಳು.

ಕತೆ ಮುಗಿಯಿತು. ಪುಟ್ಟತಾಯಮ್ಮ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು.

"ಈಗ ಹೇಳು," ಎಂದರು. "ಗುಮಾಸ್ತ ಮೊದಲನೇ ವರ್ಷದ್ದು ಹೇಳಿದ. ನೀನು ಅದನ್ನೇ ಹಿಡಿದುಕೊಂಡು ಅಳುತ್ತಿದ್ದೀಯ. ಈ ವರ್ಷ ನಿನ್ನ ಪ್ರಾಕ್ಟಿಕಲ್ ಯಾರು ತೆಗೆದುಕೊಳ್ಳುತ್ತಿದ್ದಾರೆ?"

"ನಾನೇ."

"ಪರೀಕ್ಷೆಯ ಕೊಠಡಿ?"

"ಅದೂ ನಾನೇ. ಹೋದ ವರ್ಷದ ಕೊನೆಯಲ್ಲೇ ನನ್ನ ಹೆಸರಿಗೆ ಬಂತು." ಶಾಂಭವಿ ನಿಲ್ಲಿಸಿದಳು. ಯೋಚಿಸಿದಳು. "ಸಾಮಾನಿನ ಓಡಾಟ ಅದಕ್ಕೂ ಮುಂಚೆ ಬಂತು. ಪ್ರಾಕ್ಟಿಕಲ್ ಒಂದೊಂದಾಗಿ ಬಂದವು. ಎಲ್ಲ ಒಟ್ಟಿಗೆ ಬಂದಿದ್ದರೆ ನನಗೆ ಗೊತ್ತಾಗುತ್ತಿತ್ತು. ಯಾವಾಗ ಬಂದವು ಅಂತಲೇ ಗೊತ್ತಾಗಲಿಲ್ಲ." ಅವಳ ದನಿ ಬದಲಾಯಿತು. "ಲೀಲಾಕುಮಾರಿ ಮೇಡಂಗೆ ಮಂಡಿ ನೋವು ಅಂತ ಅವರ ಮಂಗಳವಾರದ ತರಗತಿಯನ್ನೂ ಈಗ ನಾನೇ ತೆಗೆದುಕೊಳ್ಳುತ್ತಿದ್ದೀನಿ ಮೇಡಂ. ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ."

"ಅವರ ಮಂಡಿ ಲೆಕ್ಕಕ್ಕೆ ಹಿಡಿದಿರುತ್ತದೆ ಬಿಡು."

ಶಾಂಭವಿ ನಕ್ಕಳು. ನಗುತ್ತಿದ್ದ ಹಾಗೆ ಕಣ್ಣು ತುಂಬಿಕೊಂಡಿತು. ಅವಳು ಸೆರಗಿನಲ್ಲಿ ಒರೆಸಿಕೊಂಡಳು. ಮೊರದಿಂದ ಒಂದು ಕಾಯಿ ತೆಗೆದುಕೊಂಡು ಬಿಡಿಸಿದಳು, ಇನ್ನೊಂದು ಬಿಡಿಸಿದಳು. ನಾಳೆ ಬೆಳಗ್ಗೆ ಹಿಂಬದಿಯ ಮೆಟ್ಟಿಲು ಬಿಟ್ಟು ಮುಂದಿನ ಬಾಗಿಲಿಂದಲೇ ಹೋಗಿ ಅವರಿಬ್ಬರನ್ನೂ ಮಾತಾಡಿಸಬೇಕು ಅಂದುಕೊಂಡಳು. ಹೋದ ವರ್ಷ ಅತ್ತಿದ್ದ ಆ ಹುಡುಗಿಯನ್ನೂ ಹುಡುಕಬೇಕು. ತಾನು ಅಂದದ್ದು ತಪ್ಪು ಎಂದು ಹೇಳಬೇಕು. ಅವಳ ಪ್ರಯೋಗಾಲಯದಲ್ಲಿ ಸಾಮಾನಿನ ಓಡಾಟ ಯಾರ ತಲೆಗೆ ಕಟ್ಟಿದ್ದಾರೆ ಎಂದು ವಿಚಾರಿಸಬೇಕು. ಹೀಗೆ ಒಂದೊಂದೇ ಯೋಚನೆ ಬರುತ್ತಿದ್ದಾಗ ಮನಸ್ಸು ಹಗುರವಾಯಿತು.

ಆದರೂ ಒಂದು ಮುಳ್ಳು ಉಳಿದಿತ್ತು.

"ಎಲ್ಲ ಸರಿ ಮೇಡಂ. ನನ್ನ ಕೈಲಿ ಆಗುತ್ತೆ ಅಂತ ಈಗ ಗೊತ್ತಾಯಿತು. ಆದರೆ ಅವರು ನನಗೋಸ್ಕರ ಅಷ್ಟು ಮಾಡಿದ್ದಾರೆ. ಹಿರಿಯರು ಬೇರೆ. ನಾಳೆ ನಾನು ಹಿಂದೆ ಸರಿದು, ಯೋಜನೆಯನ್ನು ಅವರಲ್ಲಿ ಒಬ್ಬರಿಗೆ ಬಿಟ್ಟುಕೊಟ್ಟರೆ ಅದು ನಾನು ಅವರಿಗೆ ತೋರಿಸುವ ಮರ್ಯಾದೆ ಅಲ್ಲವಾ?"

ಪುಟ್ಟತಾಯಮ್ಮ ಕೈ ಕೊಡವಿಕೊಂಡರು. ಮೊರ ಎತ್ತಿಕೊಂಡು ನಿಂತರು. ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ತಿರುಗಿದರು.

"ನೀನು ಬದು ಹತ್ತಿ ಕೂತರೆ ನಿನ್ನ ಪಾಲು ಖಾಲಿ ಇರುವುದಿಲ್ಲ ಮಗಳೇ, ಅದೂ ಆ ಇಬ್ಬರ ಸೊಂಟಕ್ಕೇ ಬೀಳುತ್ತದೆ."